ಆರು ವಾರ ಲಾಗರ್ ಇರುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಈ ಸೋಮವಾರದಿಂದ ಆರು ವಾರ ನಮ್ಮಲ್ಲಿ ಲಾಗರ್ ಬಿಯರ್ ಸಿಗುವುದಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದನ್ನು ನಾವೇ ಚೆಲ್ಲಿದ್ದೇವೆ. ಏಕೆಂದು ನಿಮಗೆ ಹೇಳಲೇಬೇಕು.

ಮಳೆ ಹಿಡಿದ ಮೇಲೆ ನಿಮ್ಮಲ್ಲಿ ಕೆಲವರು ಲೋಟವನ್ನು ಮೂಗಿನ ಬಳಿ ಹಿಡಿದು, ಬೇಯಿಸಿದ ಮುಸುಕಿನ ಜೋಳದ ವಾಸನೆ ಬರುತ್ತಿದೆ ಎಂದಿರಿ. ನಾವು ಯೀಸ್ಟನ್ನು ಅನುಮಾನಿಸಿ ಹೊಸದನ್ನು ಹಾಕಿದೆವು. ವಾಸನೆ ಹೋಗಲಿಲ್ಲ. ತಪ್ಪು ಕುದಿಸುವ ಹಂತದಲ್ಲಿತ್ತು.

ಆ ವಾಸನೆ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ಸಂಯುಕ್ತದ್ದು. ಲಾಗರ್‌ಗೆ ಬಳಸುವ ಪಿಲ್ಸ್ನರ್ ಮಾಲ್ಟನ್ನು (ಮೊಳಕೆ ಬರಿಸಿದ ಬಾರ್ಲಿಯನ್ನು) ಹದವಾದ ಕಾವಿನಲ್ಲಿ ಒಣಗಿಸುವುದರಿಂದ ಅದರ ಮೂಲವಸ್ತು ಮಾಲ್ಟಿನಲ್ಲೇ ಉಳಿದಿರುತ್ತದೆ. ಮಾಲ್ಟಿನ ರಸ ಕುದಿಯುವಾಗ ಅದು ಒಡೆದು ಆವಿಯ ಜೊತೆ ಹೊರಹೋಗಬೇಕು. ಒಂದು ಗಂಟೆ ಕುದಿಸಿದರೆ ಸಾಕೆಂದು ನಾವು ಕಲಿತಿದ್ದೆವು. ಅದು ನೀರು 100 ಡಿಗ್ರಿಯಲ್ಲಿ ಕುದಿಯುವ ಊರುಗಳ ಲೆಕ್ಕ. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲಿದೆ. ಇಲ್ಲಿ ನೀರು 96–97 ಡಿಗ್ರಿಗೇ ಕುದಿ ಬರುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯಿಸಿದವರಿಗೆ ಆ ಮೂರ್ನಾಲ್ಕು ಡಿಗ್ರಿಯ ಬೆಲೆ ಗೊತ್ತು.

ಮಳೆಗಾಲದಲ್ಲೇ ಏಕೆ ಹೆಚ್ಚಾಯಿತು ಎಂಬುದು ಬಹಳ ದಿನ ಕಾಡಿತು. ಒಂದು ಸಂಜೆ, ಕುದಿ ಮುಗಿಯುವ ಹೊತ್ತಿಗೆ, ಹಂಡೆಯ ಮೇಲಿನ ಆವಿಕೊಳವೆಯ ಬಾಯಿಗೆ ಸ್ಟೀಲ್ ಲೋಟ ಹಿಡಿದೆವು. ಥಂಡಿಗೆ ಕೊಳವೆಯೊಳಗೆ ಆವಿ ತಣಿದು, ಹನಿಹನಿಯಾಗಿ ಇಳಿದು ಅರ್ಧ ಲೋಟ ತುಂಬಿತು. ಮೂಸಿದರೆ ಬಸ್ ನಿಲ್ದಾಣದ ಬಳಿ ಜೋಳ ಬೇಯಿಸುವ ಪಾತ್ರೆಯ ಮುಚ್ಚಳ ತೆಗೆದಂತಿತ್ತು. ಹೊರಹೋಗಬೇಕಾದದ್ದು ಇಷ್ಟು ದಿನವೂ ಹಂಡೆಗೇ ಮರಳುತ್ತಿತ್ತು.

ಈಗ ಕೊಳವೆಯ ಬುಡದಲ್ಲಿ ಸುತ್ತಲೂ ಹನಿ ಹಿಡಿಯುವ ಒಂದು ದೋಣಿ ಬೆಸುಗೆ ಹಾಕಿಸಿದ್ದೇವೆ. ಹನಿಗಳು ಅದರಿಂದ ಹೊರಗಿನ ಚರಂಡಿಗೆ ಹೋಗುತ್ತವೆ. ಕುದಿಯುವ ಸಮಯ 90 ನಿಮಿಷವಾಗಿದೆ. ಕಹಿ ಏರದಂತೆ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂಗಳನ್ನು ಮೊದಲ ಅರ್ಧ ಗಂಟೆ ಕಳೆದ ಮೇಲೆಯೇ ಹಾಕುತ್ತೇವೆ. ರಸ ತಣಿಸುವ ಹಳೆಯ ಪ್ಲೇಟ್ ಕೂಲರ್‌ನ ಸಂದುಗಳಲ್ಲಿ ಹಾಪ್ಸ್ ಚರಟ ಕಟ್ಟಿಕೊಂಡು, ತಣಿಯಲು ಒಂದು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. ಕುದಿ ನಿಂತರೂ ರಸ ಬಿಸಿಯಾಗಿರುವಷ್ಟು ಹೊತ್ತು ಆ ವಾಸನೆ ಹುಟ್ಟುತ್ತಲೇ ಇರುತ್ತದೆ, ಒಯ್ಯಲು ಆವಿ ಮಾತ್ರ ಇರುವುದಿಲ್ಲ. ಆದ್ದರಿಂದ ದೊಡ್ಡ ಕೂಲರ್ ತಂದಿದ್ದೇವೆ.

ಇದರಿಂದ ದಿನಕ್ಕೆ ಎರಡು ಬಾರಿ ಕಾಯಿಸುತ್ತಿದ್ದ ನಾವು ಒಂದೇ ಬಾರಿ ಕಾಯಿಸುತ್ತೇವೆ. ಲಾಗರ್ 10–12 ಡಿಗ್ರಿಯಲ್ಲಿ ಹುದುಗಿ, ನಂತರ ಸೊನ್ನೆಯ ಹತ್ತಿರದ ತಂಪಿನಲ್ಲಿ ವಾರಗಟ್ಟಲೆ ಮಾಗಬೇಕು. ಅದನ್ನು ಅವಸರಪಡಿಸಲು ನಮಗೆ ಮನಸ್ಸಿಲ್ಲ. ಆರು ವಾರದ ನಂತರವೂ ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ ಲಾಗರ್ ಇರುತ್ತದೆ. ಹೆಚ್ಚುವರಿ ಗ್ಯಾಸಿನ ಖರ್ಚು ನಮ್ಮದು, ಬೆಲೆ ಹಳೆಯದೇ. ನಮ್ಮ ಇನ್ನೊಂದು ಬಗೆಯ ಬಿಯರ್‌ಗಳಾದ ಏಲ್‌ಗಳು ಎಂದಿನಂತೆ ದಿನವೂ ಸಿಗುತ್ತವೆ. ಅವುಗಳ ಮಾಲ್ಟ್ ಹೆಚ್ಚು ಕಾವು ಕಂಡದ್ದು, ಈ ತೊಂದರೆ ಅಲ್ಲಿ ಕಡಿಮೆ.

ಜೋಳದ ವಾಸನೆಯನ್ನು ಮೊದಲು ಗುರುತಿಸಿದವರು ದಯವಿಟ್ಟು ಮೊದಲ ಶುಕ್ರವಾರ ಸಂಜೆ ಬನ್ನಿ. ನೀವು ಮೂಸಿ ಒಪ್ಪಿದ ಮೇಲೆಯೇ ನಲ್ಲಿ ಉಳಿದವರಿಗೆ ತೆರೆಯುತ್ತೇವೆ.

ಇಂತಿ ನಿಮ್ಮ,
ಬ್ರೂವರಿಯ ಬಳಗ
ಚಿಕ್ಕಮಗಳೂರು