ಸಂಕ ಕಟ್ಟಿದರೆ ಸಾಲದು, ಮಳೆಗೆ ಮುಂಚೆ ನೋಡಲೂ ಬೇಕು

ಮಾನ್ಯ ಸಂಪಾದಕರೆ,

ಪ್ರತಿ ಮಳೆಗಾಲವೂ ನಿಮ್ಮ ಪತ್ರಿಕೆಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಒಂದಾದರೂ ಕಾಲುಸಂಕದ ಫೋಟೊ ಬರುತ್ತದೆ. ಕೆಂಪು ನೀರು ತುಂಬಿದ ಹಳ್ಳ, ಅಡ್ಡ ಹಾಕಿದ ಎರಡು ಅಡಿಕೆ ಮರ, ಅದರ ಮೇಲೆ ಕೊಡೆ ಹಿಡಿದ ಶಾಲೆ ಮಕ್ಕಳು. ಫೋಟೊ ಬಂದ ಮೇಲೆ ಅಧಿಕಾರಿಗಳು ಬರುತ್ತಾರೆ, ಕೆಲವು ಕಡೆ ಸೇತುವೆಯೂ ಮಂಜೂರಾಗುತ್ತದೆ. ಒಳ್ಳೆಯದೇ. ಆದರೆ ಹಾಗೆ ಮಂಜೂರಾಗಿ, ಕಟ್ಟಿ, ಉದ್ಘಾಟನೆಯೂ ಆಗಿ ಹತ್ತು ಹದಿನೈದು ವರ್ಷ ಕಳೆದ ಸೇತುವೆಯನ್ನು ಯಾರು ನೋಡುತ್ತಾರೆ ಎಂಬುದರ ಬಗ್ಗೆ ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಪತ್ರ.

ನಾನು ಶಿರಸಿ ತಾಲ್ಲೂಕಿನವನು. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಸಿವಿಲ್ ಓದಿ, 1984ರಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದೆ. ಸರ್ವಿಸಿನ ಬಹುಪಾಲು ಈ ಜಿಲ್ಲೆಯಲ್ಲೇ ಆಯಿತು. ಕಾರವಾರ, ಹೊನ್ನಾವರ, ಯಲ್ಲಾಪುರ, ಮತ್ತೆ ಕಾರವಾರ. ಜಿಲ್ಲೆ ನಮ್ಮ ಕಣ್ಣೆದುರೇ ಬದಲಾದ ಕಾಲ ಅದು. ನಾನು ಹುಡುಗನಾಗಿದ್ದಾಗ ಕಾರವಾರದ ಕೋಡಿಬಾಗದಿಂದ ಆಚೆ ದಡದ ಸದಾಶಿವಗಡಕ್ಕೆ ಹೋಗಬೇಕೆಂದರೆ ಕಾಳಿ ನದಿಯನ್ನು ದೋಣಿಯಲ್ಲಿ ದಾಟಬೇಕಿತ್ತು. ಆಮೇಲೆ ಸೇತುವೆ ಬಂತು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಿತು, ಕೆಳಗೆ ಕೊಡಸಳ್ಳಿ, ಕದ್ರಾ ಬಂದವು, ಕೈಗಾ ಅಣು ವಿದ್ಯುತ್ ಸ್ಥಾವರ ಬಂತು. 1998ರ ಜನವರಿ 26ಕ್ಕೆ ಕೊಂಕಣ ರೈಲು ಉದ್ದಕ್ಕೂ ಓಡತೊಡಗಿತು. ಹೊನ್ನಾವರದಲ್ಲಿ ಶರಾವತಿ ಮೇಲಿನ ರೈಲು ಸೇತುವೆಯೊಂದೇ ಎರಡು ಕಿಲೋಮೀಟರ್‌ಗಿಂತ ಉದ್ದ. ನನ್ನ ಜೊತೆ ಓದಿದ ಎಷ್ಟೋ ಜನ ಈ ದೊಡ್ಡ ಕೆಲಸಗಳಿಗೆ ಹೋದರು. ನನ್ನ ಪಾಲಿಗೆ ಬಂದಿದ್ದು ಮೋರಿ, ಸಣ್ಣ ಸೇತುವೆ, ದೇವಿಮನೆ ಮತ್ತು ಅರಬೈಲ್ ಘಟ್ಟದ ಕಡೆಯ ರಸ್ತೆ. ನನಗೆ ಆ ಕೆಲಸದ ಮೇಲೆ ಇವತ್ತಿಗೂ ಪ್ರೀತಿ ಇದೆ. ಒಂದು ಮೋರಿ ಸರಿಯಾಗಿ ಕೂತರೆ ಆಚೆಯ ಹದಿನೈದು ಮನೆಯವರಿಗೆ ಮಳೆಗಾಲದಲ್ಲೂ ಹಾಲು ಡೇರಿಗೆ ಮುಟ್ಟಿಸಲು ಆಗುತ್ತದೆ, ಹೆರಿಗೆಗೆ ಜೀಪು ಮನೆ ಬಾಗಿಲಿಗೆ ಬರುತ್ತದೆ. ಅದಕ್ಕಿಂತ ದೊಡ್ಡ ಕೆಲಸ ಯಾವುದು, ಹೇಳಿ.

ಮನೆಯ ವಿಷಯ ಸ್ವಲ್ಪ ಹೇಳಬೇಕು, ಏಕೆಂದರೆ ಅದೂ ಇದಕ್ಕೇ ಸೇರಿದ್ದು. ನನ್ನ ಹೆಂಡತಿ ಪ್ರಾಥಮಿಕ ಶಾಲೆ ಶಿಕ್ಷಕಿ. ಮದುವೆಯಾದ ಹೊಸದರಲ್ಲಿ ಅವಳ ಶಾಲೆ ಹಳ್ಳದ ಆಚೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ಶಾಲೆ ಬಿಟ್ಟ ಮೇಲೆ ಅವಳೇ ಮೊದಲು ಸಂಕದ ತುದಿಗೆ ಬಂದು, ಸೆರಗು ಸೊಂಟಕ್ಕೆ ಬಿಗಿದು, ಒಂದೊಂದೇ ಮಗುವನ್ನು ಕೈ ಹಿಡಿದು ದಾಟಿಸುತ್ತಿದ್ದಳು. ಸಂಕ ಅಂದರೆ ಮೂರು ಅಡಿಕೆ ಮರ, ಬೆತ್ತದ ಕಟ್ಟು, ಹಿಡಿಯಲು ಒಂದು ಬಿದಿರು ಗಳ. ಊರಿನವರೇ ಮೇ ತಿಂಗಳಲ್ಲಿ ಹೊಸದಾಗಿ ಕಟ್ಟುತ್ತಿದ್ದರು. ಅಡಿಕೆ ಮರ ಒಂದು ಮಳೆಗಾಲ ತಡೆಯುತ್ತದೆ, ಎರಡನೆಯದಕ್ಕೆ ಒಳಗೇ ಲಡ್ಡಾಗುತ್ತದೆ. ಅದು ಎಲ್ಲರಿಗೂ ಗೊತ್ತಿದ್ದುದರಿಂದ ವರ್ಷಾ ವರ್ಷಾ ಮರ ಬದಲಾಗುತ್ತಿತ್ತು. ನನಗೋ ಮಳೆಗಾಲ ಬಂತೆಂದರೆ ಮನೆಗೆ ಬರಲು ಆಗುತ್ತಿರಲಿಲ್ಲ. ಎಲ್ಲಿ ಧರೆ ಕುಸಿಯಿತು, ಎಲ್ಲಿ ಮೋರಿ ಕಟ್ಟಿಕೊಂಡಿತು ಎಂದು ಜೀಪಿನಲ್ಲಿ ಸುತ್ತುವುದೇ ಆಗುತ್ತಿತ್ತು. ಇಬ್ಬರು ಮಕ್ಕಳನ್ನೂ, ಅತ್ತೆ ಮಾವನನ್ನೂ, ತೋಟವನ್ನೂ, ಕೊಟ್ಟಿಗೆಯನ್ನೂ ಅವಳೇ ನೋಡಿಕೊಂಡಳು. ಈಗ ಮಕ್ಕಳು ಬೆಂಗಳೂರಲ್ಲಿದ್ದಾರೆ, ನೀವೂ ಬಂದುಬಿಡಿ ಅನ್ನುತ್ತಾರೆ. ಮೊಮ್ಮಗಳ ಮುಖ ನೋಡಲು ಹೋಗುತ್ತೇವೆ, ಬರುತ್ತೇವೆ. ಆದರೆ ರಿಟೈರ್ ಆದ ಮೇಲೆ ಎಲ್ಲಿರಬೇಕು ಎಂಬ ಪ್ರಶ್ನೆ ನಮ್ಮಿಬ್ಬರಲ್ಲಿ ಯಾವತ್ತೂ ಏಳಲಿಲ್ಲ. ಅವಳು ಒಂದೇ ಮಾತು ಹೇಳಿದ್ದಳು: ಇಷ್ಟು ವರ್ಷ ಸಂಬಳಕ್ಕೆ ಸೇತುವೆ ನೋಡಿದಿರಿ, ಇನ್ನು ಊರಿಗೆ ನೋಡಿ.

ಹಾಗಾಗಿ ನಾವು ಕೆಲವರು, ಎಲ್ಲರೂ ನಿವೃತ್ತರು, ಏಪ್ರಿಲ್‌ ಮೇ ತಿಂಗಳಲ್ಲಿ ಸುತ್ತಮುತ್ತಲಿನ ಪಂಚಾಯ್ತಿಗಳ ಸಂಕ, ಮೋರಿ, ತೂಗು ಸೇತುವೆಗಳನ್ನು ನೋಡಿ ಬರುತ್ತೇವೆ. ಸಂಘ ಗಿಂಘ ಏನಿಲ್ಲ, ಬೋರ್ಡಿಲ್ಲ. ಒಂದು ಸುತ್ತಿಗೆ, ಟೇಪು, ಟಾರ್ಚು, ನೋಟ್‌ಬುಕ್ ಅಷ್ಟೇ. ನೋಡುವುದರಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ಬಹಳ ಇದೆ.

ಹೊಳೆಯ ಮೇಲಿನ ಸೇತುವೆಗಳು ಹೆಚ್ಚಾಗಿ ಬೀಳುವುದು ಮೇಲಿನ ಭಾರಕ್ಕಲ್ಲ, ಕಂಬದ ಬುಡದ ಮಣ್ಣು ಕೊರೆದುಹೋಗುವುದರಿಂದ. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಿಕೊಂಡು ಹೋಗಬಲ್ಲ ಕಲ್ಲಿನ ತೂಕ ಎರಡು ಪಟ್ಟಲ್ಲ, 64 ಪಟ್ಟಾಗುತ್ತದೆ. ಇದನ್ನು ಕಾಲೇಜಿನಲ್ಲಿ ಓದಿದ್ದೆ, ಘಟ್ಟದ ಹಳ್ಳಗಳಲ್ಲಿ ಕಣ್ಣಾರೆ ಕಂಡೆ. ಸಂಜೆ ಮೊಣಕಾಲು ಮಟ್ಟ ಇದ್ದ ಹಳ್ಳ ಬೆಳಗಾಗುವುದರೊಳಗೆ ಎಮ್ಮೆ ಗಾತ್ರದ ಬಂಡೆಯನ್ನು ಜಾಗ ಬದಲಿಸಿರುತ್ತದೆ. ಅಂಥ ನೀರು ಸೇತುವೆಯ ಕಂಬಕ್ಕೆ ಬಡಿದು ಸುಳಿ ತಿರುಗುವಾಗ ಬುಡದ ಮರಳು, ಜಲ್ಲಿ ಎಲ್ಲ ಎದ್ದು ಹೋಗುತ್ತದೆ. ನೀರು ಇಳಿದ ಮೇಲೆ ಅದೇ ಗುಂಡಿಗೆ ಸಡಿಲ ಮಣ್ಣು ಬಂದು ತುಂಬಿಕೊಳ್ಳುತ್ತದೆ. ಮೇಲಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಹೊಳೆಗೆ ಇಳಿದು, ಸಲಾಕೆ ಚುಚ್ಚಿ ನೋಡಬೇಕು. 2021ರ ಜುಲೈ ಮಳೆಗೆ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಹತ್ತಿರ ಗಂಗಾವಳಿಯ ಸೇತುವೆ ಕೊಚ್ಚಿಹೋಗಿ ಆಚೆಯ ಹಳ್ಳಿಗಳ ಜನ ಪಟ್ಟ ಪಾಡು ನಿಮ್ಮ ಪತ್ರಿಕೆಯ ಓದುಗರಿಗೆ ನೆನಪಿರಬಹುದು.

ಕರಾವಳಿಯದು ಬೇರೆಯೇ ಕಾಯಿಲೆ. ಅಲ್ಲಿ ಉಪ್ಪು. ಸಮುದ್ರದ ಗಾಳಿಯಲ್ಲಿರುವ ಉಪ್ಪು ಕಾಂಕ್ರೀಟಿನ ಒಳಗಿಳಿದು ಕಬ್ಬಿಣಕ್ಕೆ ತಾಗುತ್ತದೆ. ಕಬ್ಬಿಣ ತುಕ್ಕಾದಾಗ ಊದಿಕೊಳ್ಳುತ್ತದೆ, ಊದಿಕೊಂಡು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೊದಲು ಸ್ಲ್ಯಾಬಿನ ಅಡಿಯಲ್ಲಿ ಸರಳಿನ ಉದ್ದಕ್ಕೂ ಕಂದು ಬಣ್ಣದ ತೆಳ್ಳನೆ ಗೆರೆ ಕಾಣುತ್ತದೆ. ಅಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಒಳಗೆ ಪದರ ಬಿಟ್ಟಿದ್ದರೆ ಪೊಳ್ಳು ಸದ್ದು. ಆ ಹಂತದಲ್ಲಿ ಕಂಡುಹಿಡಿದರೆ ಕಡಿಮೆ ಖರ್ಚಿನಲ್ಲಿ ರಿಪೇರಿ ಮಾಡಬಹುದು. ತುಂಡು ಕಳಚಿ ಸರಳು ಹೊರಗೆ ಬಂದ ಮೇಲೆ ಖರ್ಚು ಎಷ್ಟೋ ಪಟ್ಟು ಜಾಸ್ತಿ.

2024ರ ಆಗಸ್ಟ್ 7ರ ಮಧ್ಯರಾತ್ರಿ ಕಳೆದ ಮೇಲೆ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ಲಾರಿಯೊಂದು ನೀರಿಗೆ ಬಿತ್ತು. ಚಾಲಕನನ್ನು ಅಲ್ಲಿನ ಮೀನುಗಾರರು, ಪೊಲೀಸರು ಸೇರಿ ಬದುಕಿಸಿದರು, ಅವರಿಗೆ ನಮಸ್ಕಾರ. ನಾಲ್ಕು ದಶಕದ ಸೇತುವೆ ಅದು, ನನ್ನ ತಲೆಮಾರಿನವರಿಗೆ ದೋಣಿ ತಪ್ಪಿಸಿದ ಸೇತುವೆ. ಆ ಬೆಳಿಗ್ಗೆ ಟಿವಿಯಲ್ಲಿ ಮುರಿದ ತುಂಡುಗಳನ್ನು ನೋಡಿ ನನಗೆ ತಿಂಡಿ ಸೇರಲಿಲ್ಲ. ಅದಕ್ಕೆ ಮೂರು ವಾರ ಮೊದಲಷ್ಟೇ, ಜುಲೈ 16ಕ್ಕೆ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೋದ ಜೀವಗಳ ದುಃಖ ಇನ್ನೂ ಹಸಿಯಾಗಿತ್ತು. ಯಾರ ತಪ್ಪು ಎಂಬುದನ್ನು ತನಿಖೆ ಮಾಡುವವರು ಹೇಳಲಿ. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ, ಅದೂ ಬಹುತೇಕ ನಾಲ್ಕೇ ತಿಂಗಳಲ್ಲಿ ಬೀಳುವ ಕರಾವಳಿಯಲ್ಲಿ, ಕಟ್ಟಿದ್ದನ್ನು ಕಾಯುವ ಕೆಲಸಕ್ಕೆ ಕಟ್ಟುವ ಕೆಲಸದಷ್ಟೇ ಬೆಲೆ ಬರಬೇಕಲ್ವಾ?

ನನ್ನ ಸರ್ವಿಸಿನಲ್ಲಿ ಇದಕ್ಕೆ ಬೆಲೆ ಬರಲಿಲ್ಲ. ಹೊಸ ಸೇತುವೆಗೆ ಎಸ್ಟಿಮೇಟ್ ಕಳಿಸಿದರೆ ಕೇಳುವವರಿದ್ದರು. ಇದ್ದ ಸೇತುವೆಯ ಬುಡಕ್ಕೆ ಮಣ್ಣು ಕೊರೆಯದಂತೆ ಕಲ್ಲು ಹಾಸುವ ಪಿಚ್ಚಿಂಗ್ ಮಾಡಿಸಬೇಕು, ಮೋರಿಯ ಬಾಯಿ ಬಿಡಿಸಬೇಕು ಎಂದು ಕಳಿಸಿದ ಕಾಗದ ಒಂದು ಕಚೇರಿಯಲ್ಲಿ ಎರಡು ಮಳೆಗಾಲ ಕೂತಿತ್ತು. ಮೂರನೆಯ ಮಳೆಗೆ ಮೋರಿಯೇ ಹೋಯಿತು. ಆಮೇಲೆ ಹೊಸ ಮೋರಿಗೆ ದುಡ್ಡು ಬಂತು, ಕೇಳಿದ್ದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಆ ಮಧ್ಯೆ ಆಚೆಯ ಊರಿನವರು ಒಂದಿಡೀ ಮಳೆಗಾಲ ಸುತ್ತು ಹಾದಿಯಲ್ಲಿ ನಡೆದರು.

ತೂಗು ಸೇತುವೆಗಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಮೊದಲ ತೂಗು ಸೇತುವೆ ಕಟ್ಟಿದ ಮೇಲೆ ದೇಶದ ಬೇರೆ ಬೇರೆ ಕಡೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಡಿಮೆ ದುಡ್ಡಿನಲ್ಲಿ, ಊರವರ ಕೈಜೋಡಣೆಯಲ್ಲಿ, ದ್ವೀಪದಂತಿದ್ದ ಊರುಗಳನ್ನು ಜೋಡಿಸಿದ ದೊಡ್ಡ ಮನುಷ್ಯ. ಆದರೆ ತೂಗು ಸೇತುವೆಗೆ ಆರೈಕೆ ಬೇಕೇ ಬೇಕು. ಹೋದ ವರ್ಷ ನಾವು ಒಂದು ಹೊಳೆಯ ದಂಡೆಯಲ್ಲಿ ಹಗ್ಗ ಕಟ್ಟಿದ ಜಾಗವನ್ನು ಪೊದೆ ಸವರಿ ನೋಡಿದೆವು. ತಂತಿ ಹಗ್ಗವನ್ನು ಮಡಚಿ ಕ್ಲಾಂಪ್ ಹಾಕುವಾಗ ಒಂದು ನಿಯಮ ಇದೆ: ಭಾರ ಹೊರುವ ಉದ್ದ ಹಗ್ಗದ ಕಡೆ ಕ್ಲಾಂಪಿನ ಚಪ್ಪಟೆ ತಳ ಬರಬೇಕು, ಮಡಚಿದ ಗಿಡ್ಡ ತುದಿಯ ಕಡೆ ಯು ಬೋಲ್ಟ್ ಬರಬೇಕು. ತಿರುಗಮುರುಗ ಹಾಕಿದರೆ ಬೋಲ್ಟ್ ಭಾರ ಹೊರುವ ಹಗ್ಗವನ್ನೇ ಕಚ್ಚಿ ಅದರ ಶಕ್ತಿ ಕಡಿಮೆ ಮಾಡುತ್ತದೆ. ಅಲ್ಲಿ ಯಾವಾಗಲೋ ರಿಪೇರಿಗೆ ಬಂದವರು ಒಂದು ಕ್ಲಾಂಪನ್ನು ತಿರುಗಿಸಿ ಹಾಕಿದ್ದರು, ಪಕ್ಕದ್ದರ ನಟ್ಟು ಕೈಯಲ್ಲೇ ತಿರುಗುತ್ತಿತ್ತು. ಮೇಲೆ ಹುಡುಗರು ಬೈಕ್ ಓಡಿಸುತ್ತಿದ್ದರು. ಪಂಚಾಯ್ತಿಗೆ ಹೇಳಿದೆವು, ಸದಸ್ಯರೊಬ್ಬರು ಅವತ್ತೇ ಫಿಟ್ಟರ್ ಕರೆಸಿ ಸರಿ ಮಾಡಿಸಿದರು, ನಾವು ನಿಂತು ನೋಡಿದೆವು. ಖರ್ಚು ಎಂದರೆ ಫಿಟ್ಟರನ ಒಂದು ದಿನದ ಕೂಲಿ, ಸ್ವಲ್ಪ ಗ್ರೀಸು.

ಇದು ಒಂದು ಊರಿನಲ್ಲಿ ಆಗುವುದಾದರೆ ಎಲ್ಲ ಕಡೆ ಆಗಬಹುದು. ಪ್ರತಿ ಗ್ರಾಮ ಪಂಚಾಯ್ತಿಯೂ ತನ್ನ ವ್ಯಾಪ್ತಿಯ ಸಂಕ, ಮೋರಿ, ತೂಗು ಸೇತುವೆಗಳ ಒಂದು ಪುಸ್ತಕ ಇಡಲಿ. ಎಲ್ಲಿದೆ, ಯಾವಾಗ ಕಟ್ಟಿದ್ದು, ಯಾರು ದಾಟುತ್ತಾರೆ, ಕಳೆದ ಬಾರಿ ನೋಡಿದಾಗ ಏನು ಕಂಡಿತು, ಅಷ್ಟು ಸಾಕು. ಮಳೆಗೆ ಮುಂಚೆ ಒಮ್ಮೆ, ದೀಪಾವಳಿ ಹೊತ್ತಿಗೆ ಇನ್ನೊಮ್ಮೆ ನೋಡಲಿ. ಶಾಲಾ ಸಂಪರ್ಕ ಸೇತು ಯೋಜನೆಯಲ್ಲಿ ಕಟ್ಟಿದವೂ ಇದರಲ್ಲಿ ಸೇರಲಿ, ಅವೂ ಹಳತಾಗುತ್ತವೆ. ಮೋರಿಯ ಬಾಯಿಗೆ ಸಿಕ್ಕಿಕೊಂಡ ಮರದ ದಿಮ್ಮಿ, ಪ್ಲಾಸ್ಟಿಕ್ಕು, ಸೋಗೆ ತೆಗೆಯಲು ಎಂಜಿನಿಯರ್ ಬೇಡ, ಊರಿನ ಯುವಕರು ಒಂದು ಭಾನುವಾರ ಬಂದರೆ ಮುಗಿಯಿತು. ಶ್ರಮದಾನ ನಮ್ಮ ಕಡೆ ಹೊಸದೇನಲ್ಲ. ಕೆರೆ ಹೂಳೆತ್ತಿದವರು, ಉಪ್ಪುನೀರು ಏರುವ ಗಜನಿ ಗದ್ದೆಗೆ ಒಡ್ಡು ಹಾಕಿದವರು ನಮ್ಮ ಅಜ್ಜಂದಿರೇ.

ನನ್ನ ಹಾಗೆ ನಿವೃತ್ತರಾದವರಿಗೆ ಒಂದು ಮಾತು. ಈ ಜಿಲ್ಲೆಯಲ್ಲಿ ಅಣೆಕಟ್ಟು, ವಿದ್ಯುತ್, ರೈಲ್ವೆ, ರಸ್ತೆ, ಬಂದರು ಎಂದು ದುಡಿದು ಮನೆ ಸೇರಿದ ಎಂಜಿನಿಯರುಗಳು, ಓವರ್‌ಸಿಯರುಗಳು, ಫೋರ್‌ಮನ್‌ಗಳು ತಾಲ್ಲೂಕು ತಾಲ್ಲೂಕಿನಲ್ಲೂ ಇದ್ದಾರೆ. ಬಿಪಿ ಇದೆ, ಮಂಡಿ ನೋವಿದೆ, ಎಲ್ಲ ನಿಜ. ಹೊಳೆಗೆ ಇಳಿಯಲು ಆಗದವರು ದಂಡೆ ಮೇಲೆ ನಿಂತು ಹುಡುಗರಿಗೆ ಎಲ್ಲಿ ತಟ್ಟಬೇಕು, ಎಲ್ಲಿ ಚುಚ್ಚಬೇಕು ಎಂದು ಹೇಳಿಕೊಟ್ಟರೂ ಸಾಕು. ಸಂಬಳ ಕೊಟ್ಟು ನಮಗೆ ಈ ವಿದ್ಯೆ ಕಲಿಸಿದ್ದು ಜನರ ದುಡ್ಡು. ಪಂಚಾಯ್ತಿಯವರೂ ಸಂಕೋಚ ಬಿಟ್ಟು ನಮ್ಮಂಥವರನ್ನು ಕರೆಯಲಿ. ಸನ್ಮಾನ, ಶಾಲು, ಹಾರ ಯಾವುದೂ ಬೇಡ.

ಜೂನ್ ಮೊದಲ ವಾರಕ್ಕೆ ಮಳೆ ಹಿಡಿದರೆ ಆಮೇಲೆ ಯಾವ ಕಂಬದ ಬುಡವೂ ಕಾಣುವುದಿಲ್ಲ. ಹಾಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಪಂಚಾಯ್ತಿಗಳವರು ಮೇ ಮುಗಿಯುವುದರೊಳಗೆ ಒಂದು ದಿನ ಗೊತ್ತುಮಾಡಿ ಹೇಳಿದರೆ ನಾವು ಬರುತ್ತೇವೆ. ಬೆಳಿಗ್ಗೆ ಬೇಗ ಶುರು ಮಾಡೋಣ, ಬಿಸಿಲೇರಿದ ಮೇಲೆ ನಮ್ಮ ವಯಸ್ಸಿನವರಿಗೆ ಕಷ್ಟ. ಜೊತೆಗೆ ಊರಿನಿಂದ ಇಬ್ಬರು ಹುಡುಗರು, ಒಂದು ಕತ್ತಿ, ಒಂದು ಉದ್ದನೆಯ ಕಬ್ಬಿಣದ ಸಲಾಕೆ ಇರಲಿ.

ಇಂತಿ,
ನಿವೃತ್ತ ಎಂಜಿನಿಯರ್, ಶಿರಸಿ ತಾಲ್ಲೂಕು