ಗ್ಲಾಕೋಮಾಕ್ಕೆ ಡ್ರಾಪ್ಸ್ ಹಾಕಿಕೊಳ್ಳುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಾಳೆ ಡ್ರಾಪ್ಸ್ ಹಾಕಿಕೊಳ್ಳುವಾಗ ಒಂದು ಸಲ ಗಮನಿಸಿ. ಹನಿ ಕಣ್ಣೊಳಗೆ ಬೀಳುತ್ತಿದೆಯಾ, ಕೆನ್ನೆ ಮೇಲೆ ಇಳಿಯುತ್ತಿದೆಯಾ? ಎರಡನೆಯದೇ ಜಾಸ್ತಿ, ಅಲ್ವಾ!

ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಬೆರಳಿಂದ ಸ್ವಲ್ಪ ಎಳೆಯಿರಿ. ಪುಟ್ಟ ಜೇಬಿನಂತೆ ಜಾಗ ಆಗುತ್ತದೆ. ಅಲ್ಲಿಗೆ ಒಂದೇ ಹನಿ ಸಾಕು, ಎರಡು ಹಾಕಿದರೆ ಸುಮ್ನೆ ಹೊರಗೆ ಹರಿಯುತ್ತದೆ. ಬಾಟಲಿಯ ತುದಿ ಕಣ್ಣಿಗೆ, ರೆಪ್ಪೆಗೆ ತಾಗಬಾರದು. ಕೈ ನಡುಗುತ್ತಿದ್ದರೆ ಮಲಗಿಕೊಂಡು, ಕೈಯನ್ನು ಹಣೆಗೆ ಊರಿ ಹಾಕಿಕೊಳ್ಳಿ.

ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು 2 ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಇಲ್ಲದಿದ್ದರೆ ಔಷಧಿ ಮೂಗಿನೊಳಗಿಂದ ಗಂಟಲಿಗೆ ಇಳಿಯುತ್ತದೆ (ಬಾಯಿ ಕಹಿಯಾಗುವುದು ಇದಕ್ಕೇ).

ಎರಡು ಬೇರೆ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಬಿಡಿ. ತಕ್ಷಣ ಹಾಕಿದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.