ಶಾಪ ಅಂತ ಬರೆಯಬೇಡ

ಪ್ರೀತಿಯ ಮಗಳೇ,

ತೀರಿಹೋದ ನಿನ್ನ ತಮ್ಮನ ಬಗ್ಗೆ ನೀನು ಬರೆದು ಕಳಿಸಿದ ಕತೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಹದಿನಾಲ್ಕನೇ ಪುಟದಲ್ಲಿ ಅಮ್ಮ ಬೆಳಗಿನ ಜಾವ ಹಿತ್ತಲ ಕಲ್ಲಿನ ಮೇಲೆ ತಮ್ಮನ ರಕ್ತದ ಬಟ್ಟೆ ಒಗೆಯುತ್ತಾಳೆ. ಲೈಟ್ ಹಾಕುವುದಿಲ್ಲ, ಅಜ್ಜಿ ಎದ್ದು ಬಟ್ಟೆ ಎಣಿಸಬಾರದು ಅಂತ. ಅದನ್ನು ನೀನು ಕಣ್ಣಾರೆ ನೋಡಿ ಬರೆದಿದ್ದೀಯ.

ಶೈಲಿ, ಪ್ರಕಟಣೆ ಅಂತೆಲ್ಲ ಕೇಳಿದ್ದೀಯಲ್ಲ, ಅದೆಲ್ಲ ಆಮೇಲೆ. ಕೊನೆಯಲ್ಲಿ 'ಅಮ್ಮನ ರಕ್ತದಲ್ಲೇ ಶಾಪವಿತ್ತು' ಅಂತ ಯಾಕೆ ಬರೆದೆ? ನನಗೆ ಸಿಟ್ಟೇ ಬಂತು. ತಮ್ಮ ಹೋದ ಮೇಲೆ ಬಂದ ರಿಪೋರ್ಟನ್ನು ನೀನೇ ಕಳಿಸಿದ್ದೀಯ. ಐಎಲ್-10 ರಿಸೆಪ್ಟರ್ ಜೀನ್‌ನಲ್ಲಿ ದೋಷ. 'ಇದು ಕತೆಗೆ ಭಾರ ಆಗುತ್ತಾ' ಅಂತ ಕೇಳುತ್ತೀಯ. ಶಾಪ ಹಗುರವಾ?

ಮೊದಲು ಸರಿಯಾಗಿ ತಿಳಿದುಕೋ. ಕರುಳಿನ ತುಂಬ ಬ್ಯಾಕ್ಟೀರಿಯಾ ಇರುತ್ತವೆ. ಅವನ್ನು ಕಂಡಾಗೆಲ್ಲ ರೋಗನಿರೋಧಕ ಕಣಗಳು ಜಗಳಕ್ಕೆ ಇಳಿಯಬಾರದು. 'ಸಾಕು, ನಿಲ್ಲಿಸಿ' ಅಂತ ಅವಕ್ಕೆ ಹೇಳುವುದು ಐಎಲ್-10 ಅನ್ನುವ ಪ್ರೋಟೀನ್. ತಮ್ಮನ ಕಣಗಳಿಗೆ ಆ ಮಾತು ಕೇಳಿಸುವ ಕಿವಿಯೇ, ಅಂದರೆ ಆ ರಿಸೆಪ್ಟರೇ, ಸರಿಯಾಗಿರಲಿಲ್ಲ. ಅದಕ್ಕೇ ಹುಟ್ಟಿದ ಕೆಲವೇ ವಾರಕ್ಕೆ ರಕ್ತಭೇದಿ, ಗುದದ ಸುತ್ತ ಹುಣ್ಣು. ಸ್ಟೀರಾಯ್ಡ್‌ಗೂ ಬಗ್ಗಲಿಲ್ಲ. ರೋಗನಿರೋಧಕ ಶಕ್ತಿಯ ಕೊರತೆಗಳ ಪಟ್ಟಿಯಲ್ಲಿ ಇದನ್ನು ಸೇರಿಸುತ್ತಾರೆ, ಆದರೆ ಒಳಗೆ ನಡೆಯುವುದು ಆರದ ಉರಿ. 2009ರಲ್ಲಿ ಈ ಜೀನ್ ದೋಷ ಪತ್ತೆಯಾಯಿತು. ಆಗಲೇ ಒಂದು ಮಗುವಿಗೆ ಬೇರೊಬ್ಬರ ರಕ್ತದ ಆಕರಕೋಶ (ಸ್ಟೆಮ್ ಸೆಲ್) ಕೊಟ್ಟಾಗ ಉರಿ ಇಳಿದಿತ್ತು.

ಇನ್ನು ಅಮ್ಮನ ವಿಷಯ. ಈ ಜೀನ್‌ನ ಒಂದು ಪ್ರತಿ ಅಪ್ಪನಿಂದ ಬರುತ್ತದೆ, ಒಂದು ಅಮ್ಮನಿಂದ. ಎರಡೂ ಕೆಟ್ಟಿದ್ದರೆ ಮಾತ್ರ ಕಾಯಿಲೆ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಚೆನ್ನಾಗಿತ್ತು, ಅದಕ್ಕೇ ಇಬ್ಬರೂ ಗಟ್ಟಿಮುಟ್ಟಾಗಿದ್ದರು. ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ನೀನು ಪಾರಾದೆ, ಅವನು ಆಗಲಿಲ್ಲ. ಅಮ್ಮ ಮದುವೆಯಾದದ್ದು ಸೋದರಮಾವನನ್ನು, ಅಲ್ವಾ? ಹಾಗಾದರೆ ದಿನಾ ಬಯ್ಯುತ್ತಿದ್ದ ಆ ಅಜ್ಜಿಯಿಂದಲೋ ಅಜ್ಜನಿಂದಲೋ ಅದು ಎರಡು ದಾರಿ ಹಿಡಿದು, ಒಂದು ಅಪ್ಪನ ಮೂಲಕ, ಇನ್ನೊಂದು ಅಮ್ಮನ ತಾಯಿಯ ಮೂಲಕ, ತಮ್ಮನಿಗೆ ಬಂದಿರಬಹುದು. ಹಾಗಂತ ಈಗ ಅಜ್ಜಿಯನ್ನು ಕಟಕಟೆ ಹತ್ತಿಸಬೇಡ. ಅವಳೂ ಗೊತ್ತಿಲ್ಲದೇ ಹೊತ್ತವಳಾಗಿದ್ದರೆ?

ನಾನು ಇಷ್ಟು ಹಟ ಹಿಡಿಯಲು ಕಾರಣ ಇದೆ. ನನ್ನ ಮೊದಲ ಸಂಕಲನದಲ್ಲಿ ಒಂದು ಕೂಸು ಸಾಯುತ್ತದೆ, ತಾಯಿ ಹರಕೆ ತಪ್ಪಿಸಿದ್ದಕ್ಕೆ. ಅದನ್ನು ತುಂಬ ಜನ ಹೊಗಳಿದರು. ಒಬ್ಬ ಸಂಪಾದಕರಂತೂ ಆ ಸಾಲನ್ನೇ ಎತ್ತಿ ದಪ್ಪ ಅಕ್ಷರದಲ್ಲಿ ಹಾಕಿದರು. ಆಮೇಲೆ ಒಂದು ಕಾರ್ಡು ಬಂತು, ಹೆಸರಿರಲಿಲ್ಲ. 'ನಾನು ಯಾವ ಹರಕೆಯನ್ನೂ ತಪ್ಪಿಸಿರಲಿಲ್ಲ ಸಾರ್.' ಅಷ್ಟೇ. ಉತ್ತರ ಬರೆಯಲು ವಿಳಾಸವೂ ಇರಲಿಲ್ಲ. ಆ ಕಾರ್ಡು ಈಗಲೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ.

ಕೊನೆಯ ಎರಡು ಪುಟ ಹರಿದುಹಾಕು. ರಿಪೋರ್ಟ್ ಬಂದ ದಿನ ಅಮ್ಮ ಎಲ್ಲಿ ಕೂತಿದ್ದರು, ಡಾಕ್ಟರು ಹೇಳಿದ್ದು ಕೇಳಿ ಏನು ಮಾಡಿದರು, ಸುಮ್ನೆ ಅದನ್ನು ಬರೆ. ನೆನಪಿಲ್ಲದಿದ್ದರೆ ಅವರನ್ನೇ ಕೇಳು. ಹದಿನಾಲ್ಕನೇ ಪುಟವನ್ನು ಮಾತ್ರ ಮುಟ್ಟಬೇಡ.